ಮೂರನೇ ಹಂತದಲ್ಲಿ ಇದ್ದವರಿಗೆ ಲಸಿಕೆಯ ಸರದಿ ಬಂದಾಗ: ಒಂದು ಪ್ರಕರಣ ಅಧ್ಯಯನ

2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಕೋವಿಡ್ ಲಸಿಕೆ ಕೊಡಲು ಶುರುವಾಯಿತು. ಲಸಿಕೆ ಟ್ರಯಲ್ ನಡೆಯುತ್ತಿದ್ದ ಆಸ್ಪತ್ರೆಗಳಿಗೆ ಆಗ ಒಂದೇ ಥರದ ಫೋನ್‌ಗಳು ಬರತೊಡಗಿದವು. "ನಿಮ್ಮಲ್ಲಿ ಎರಡು ಇಂಜೆಕ್ಷನ್ ತಗೊಂಡಿದ್ದೀನಿ. ಈಗ ಹೊರಗೆ ಹೋಗಿ ಲಸಿಕೆ ಹಾಕಿಸ್ಕೋಬೇಕಾ, ಬೇಡವಾ?" ಟ್ರಯಲ್‌ಗಳಲ್ಲಿ ಕೋ-ಆರ್ಡಿನೇಟರ್ ಆಗಿ ಕೆಲಸ ಮಾಡುವ ನನ್ನಂಥವರಿಗೆ ಇದಕ್ಕೆ ಹೌದು ಅಥವಾ ಇಲ್ಲ ಎಂದು ಉತ್ತರ ಕೊಡಲು ಆಗುತ್ತಿರಲಿಲ್ಲ. ಯಾಕೆ ಆಗುತ್ತಿರಲಿಲ್ಲ ಎನ್ನುವುದು ಲಸಿಕೆ ಟ್ರಯಲ್‌ನ ಮೂರನೇ ಹಂತ ಅಂದರೇನು ಎಂಬುದಕ್ಕೆ ನೇರವಾಗಿ ಸೇರಿದ ವಿಷಯ. ಅದನ್ನು ಒಬ್ಬರ ಪ್ರಕರಣದ ಮೂಲಕ ಇಲ್ಲಿ ಬರೆಯುತ್ತಿದ್ದೇನೆ.

ಗುರುತು ಸಿಗದಂತೆ ಅವರ ಊರು, ವೃತ್ತಿ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಆಸ್ಪತ್ರೆಯ ಹೆಸರಿಲ್ಲ, ಟ್ರಯಲ್‌ನಲ್ಲಿದ್ದ ಲಸಿಕೆಯ ಹೆಸರೂ ಇಲ್ಲ. ಹಂತಗಳನ್ನು ವಿವರಿಸುವಾಗ ಮಾತ್ರ, ಎಲ್ಲರಿಗೂ ಲಭ್ಯವಿರುವ ಬೇರೆ ಲಸಿಕೆಗಳ ಅಂಕಿಅಂಶ ಬಳಸಿದ್ದೇನೆ.

ಹಿನ್ನೆಲೆ

ಅವರನ್ನು ಟೀಚರ್ ಅಂತಲೇ ಕರೆಯೋಣ. ವಯಸ್ಸು 60 ದಾಟಿತ್ತು. ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಸಕ್ಕರೆ ಕಾಯಿಲೆ ಇತ್ತು, ಮಾತ್ರೆಯಲ್ಲಿ ಹತೋಟಿಯಲ್ಲಿತ್ತು. ಗಂಡ ತೀರಿಕೊಂಡಿದ್ದರು. ಮಗ, ಸೊಸೆ ಬೆಂಗಳೂರಿನಲ್ಲಿ. 2020ರ ನವೆಂಬರ್ ಕೊನೆಯಲ್ಲಿ ತಾವಾಗಿಯೇ ಬಂದು ಟ್ರಯಲ್‌ಗೆ ಸೇರಿದರು. "ಯಾರಾದ್ರೂ ಮೊದಲು ಹಾಕಿಸ್ಕೊಳ್ಳಲೇಬೇಕಲ್ಲ ಡಾಕ್ಟ್ರೇ. ನಾನೇ ಯಾಕಾಗಬಾರದು?" ಎಂದು ಕೇಳಿದ್ದರು. ಇಂಥವರು ಮುಂದೆ ಬರದಿದ್ದರೆ ನಮಗೆ ಒಂದು ಲಸಿಕೆಯೂ ಸಿಗುತ್ತಿರಲಿಲ್ಲ. ಅವರ ಬಗ್ಗೆ ಬರೆಯುವಾಗ ಆ ಗೌರವ ಮೊದಲು ಇರಬೇಕು.

28 ದಿನಗಳ ಅಂತರದಲ್ಲಿ ಎರಡು ಡೋಸ್. ಅರ್ಧದಷ್ಟು ಜನರಿಗೆ ಲಸಿಕೆ, ಇನ್ನರ್ಧಕ್ಕೆ ಪ್ಲಸೀಬೊ, ಅಂದರೆ ಲಸಿಕೆಯ ಅಂಶ ಇಲ್ಲದ ಇಂಜೆಕ್ಷನ್. ಯಾರಿಗೆ ಯಾವುದು ಎಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಸೀಸೆಯ ಮೇಲೆ ಬರೀ ಕೋಡ್ ಸಂಖ್ಯೆ. ಟೀಚರ್‌ಗೂ ಗೊತ್ತಿಲ್ಲ, ಇಂಜೆಕ್ಷನ್ ಕೊಟ್ಟ ನರ್ಸ್‌ಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.

ಮನೆಗೆ ಕಳಿಸುವಾಗ ಡೈರಿ ಕಾರ್ಡ್, ಥರ್ಮಾಮೀಟರ್ ಮತ್ತು ಒಂದು ಪುಟ್ಟ ಸ್ಕೇಲ್ ಕೊಡುತ್ತೇವೆ. ಏಳು ದಿನ ಸಂಜೆ ಜ್ವರ ನೋಡಿ ಬರೆಯಬೇಕು. ಇಂಜೆಕ್ಷನ್ ಜಾಗ ಕೆಂಪಾಗಿದ್ದರೆ ಎಷ್ಟು ಅಗಲ ಎಂದು ಅಳೆಯಬೇಕು. ಟೀಚರ್ ಕಾರ್ಡ್ ನೋಡಿದರೆ ಖುಷಿಯಾಗುತ್ತಿತ್ತು. ಒಂದು ಖಾನೆಯೂ ಖಾಲಿ ಇಲ್ಲ, ದುಂಡಗಿನ ಅಕ್ಷರ, ತಿದ್ದಿದ ಕಡೆ ಪಕ್ಕದಲ್ಲಿ ಸಹಿ. ಎರಡನೇ ಡೋಸ್ ಆದ ಮಾರನೇ ದಿನದ ಖಾನೆಯಲ್ಲಿ "ಜ್ವರ, ಮೈಕೈ ನೋವು, ರಾತ್ರಿ ನಿದ್ದೆ ಇಲ್ಲ" ಎಂದು ಬರೆದು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು. ಆ ಕೆಂಪು ಗೆರೆ ಮುಂದೆ ಮುಖ್ಯವಾಗುತ್ತದೆ.

ಹಂತ ಅಂದರೆ ಟೀಚರ್ ಏನೆಂದುಕೊಂಡಿದ್ದರು

ಅವರ ಲೆಕ್ಕ ಸರಳವಾಗಿತ್ತು. ಒಂದನೇ ಕ್ಲಾಸ್ ಪಾಸ್, ಎರಡನೇ ಕ್ಲಾಸ್ ಪಾಸ್, ಈಗ ಮೂರನೇ ಕ್ಲಾಸಿನಲ್ಲಿ ಕೂತ ಲಸಿಕೆ. ಎರಡು ಸಲ ಪಾಸಾಗಿ ಬಂದಿದೆ ಅಂದಮೇಲೆ ಕೆಲಸ ಮಾಡುವುದು ಖಚಿತ. ಮೂರನೆಯದು ಬರೀ ಕೊನೆಯ ವಿಧಿ. ತುಂಬಾ ಜನ, ಓದಿಕೊಂಡವರು ಕೂಡ, ಹೀಗೇ ತಿಳಿದಿರುತ್ತಾರೆ. ಪತ್ರಿಕೆಗಳಲ್ಲಿ "ಎರಡನೇ ಹಂತದಲ್ಲಿ ಯಶಸ್ವಿ" ಎಂಬ ತಲೆಬರಹ ಓದಿ ಓದಿ ಬಂದ ನಂಬಿಕೆ ಅದು.

ನಿಜದಲ್ಲಿ ಪ್ರತಿ ಹಂತವೂ ಬೇರೆ ಪ್ರಶ್ನೆ ಕೇಳುತ್ತದೆ. ಕೋವ್ಯಾಕ್ಸಿನ್‌ನ ದಾಖಲೆ ತೆಗೆದುಕೊಂಡರೆ ಇದು ಚೆನ್ನಾಗಿ ಕಾಣುತ್ತದೆ. ಪ್ರಾಣಿಗಳ ಮೇಲಿನ ಪರೀಕ್ಷೆ ಹಂತಗಳ ಲೆಕ್ಕಕ್ಕೆ ಬರುವುದಿಲ್ಲ, ಅದು ಅದಕ್ಕೂ ಹಿಂದಿನದು. ಮೊದಲ ಹಂತ 2020ರ ಜುಲೈನಲ್ಲಿ ಶುರುವಾಯಿತು. 375 ಜನ, ಎಲ್ಲರೂ 18ರಿಂದ 55 ವಯಸ್ಸಿನ ಆರೋಗ್ಯವಂತರು. ಮೂರು ಥರದ ಮಿಶ್ರಣ, ಒಂದೊಂದಕ್ಕೆ 100 ಜನ. ಉಳಿದ 75 ಜನ ಹೋಲಿಕೆಗೆ. ಇಲ್ಲಿನ ಮುಖ್ಯ ಪ್ರಶ್ನೆ, ಇದನ್ನು ಮನುಷ್ಯರಿಗೆ ಕೊಡಬಹುದಾ, ತೊಂದರೆ ಏನಾದರೂ ಆಗುತ್ತದಾ ಎಂಬುದು. ಎರಡನೇ ಹಂತದಲ್ಲಿ 380 ಜನ, ವಯಸ್ಸು 12ರಿಂದ 65. ಮೂರು ಮೈಕ್ರೋಗ್ರಾಂ ಸಾಕಾ, ಆರು ಬೇಕಾ? ಯಾವುದರಿಂದ ಪ್ರತಿಕಾಯ (ಆ್ಯಂಟಿಬಾಡಿ, ಅಂದರೆ ಸೋಂಕಿನ ವಿರುದ್ಧ ರಕ್ತದಲ್ಲಿ ಹುಟ್ಟುವ ರಕ್ಷಕ ಅಂಶ) ಚೆನ್ನಾಗಿ ಹುಟ್ಟುತ್ತದೆ? ಆರು ಮೈಕ್ರೋಗ್ರಾಂ ಮುಂದಕ್ಕೆ ಹೋಯಿತು.

ಇಲ್ಲಿಯವರೆಗೆ "ಈ ಲಸಿಕೆ ಹಾಕಿಸಿಕೊಂಡರೆ ಕಾಯಿಲೆ ಬರೋದು ಕಡಿಮೆಯಾಗುತ್ತದಾ?" ಎಂದು ಯಾರೂ ಅಳೆದಿರುವುದಿಲ್ಲ. ರಕ್ತದಲ್ಲಿ ಪ್ರತಿಕಾಯ ಕಂಡಿದೆ, ಅಷ್ಟೆ. ಅದು ರಕ್ಷಣೆ ಕೊಡುತ್ತದೆ ಎಂಬುದು ನಿರೀಕ್ಷೆ. ಅಳೆಯುವುದು ಮೂರನೇ ಹಂತದಲ್ಲಿ. ಅದಕ್ಕೇ ಸಂಖ್ಯೆ ಒಮ್ಮೆಲೇ ನೂರುಗಳಿಂದ ಸಾವಿರಗಳಿಗೆ ಹಾರುತ್ತದೆ. ಕೋವ್ಯಾಕ್ಸಿನ್‌ನ ಮೂರನೇ ಹಂತದಲ್ಲಿ 25 ಆಸ್ಪತ್ರೆಗಳಲ್ಲಿ ಸುಮಾರು 25,800 ಜನರಿದ್ದರು. ಅಷ್ಟು ಜನರಿದ್ದರೂ ಮುಖ್ಯ ಫಲಿತಾಂಶ ನಿಂತಿದ್ದು ಬರೀ 130 ಕೋವಿಡ್ ಪ್ರಕರಣಗಳ ಮೇಲೆ. ಲಸಿಕೆ ಗುಂಪಿನಲ್ಲಿ 24, ಪ್ಲಸೀಬೊ ಗುಂಪಿನಲ್ಲಿ 106. ಅದರಿಂದ ಬಂದದ್ದೇ ಲಸಿಕೆ ಶೇ. 77.8ರಷ್ಟು ಕಾಯಿಲೆ ತಡೆಯುತ್ತದೆ ಎಂಬ ಅಂಕಿ.

ಈ 106 ಎಂಬ ಸಂಖ್ಯೆ ಇಲ್ಲದಿದ್ದರೆ 24ಕ್ಕೆ ಅರ್ಥವೇ ಇಲ್ಲ. ಪ್ಲಸೀಬೊ ಪಡೆದವರು ಸುಮ್ನೆ ಲೆಕ್ಕ ತುಂಬಲು ಇರುವವರಲ್ಲ. ಲಸಿಕೆ ಕೆಲಸ ಮಾಡಿತೋ ಇಲ್ಲವೋ ಎಂದು ಹೇಳಲು ಸಾಧ್ಯವಾಗುವುದೇ ಅವರಿಂದ.

ಒಂದೇ ಹೆಸರಿನ ಹಂತದಲ್ಲೂ ಪ್ರಶ್ನೆ ಬೇರೆಯಾಗಿರಬಹುದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೋವಿಶೀಲ್ಡ್‌ಗೆ ಭಾರತದಲ್ಲಿ ನಡೆದ, ಎರಡನೇ ಮತ್ತು ಮೂರನೇ ಹಂತ ಸೇರಿದ ಟ್ರಯಲ್‌ನಲ್ಲಿ ಇದ್ದದ್ದು 1,600 ಜನ. ಕಾಯಿಲೆ ಎಷ್ಟು ತಡೆಯುತ್ತದೆ ಎಂಬ ಅಳತೆ ಬ್ರಿಟನ್, ಬ್ರೆಜಿಲ್‌ನ ಟ್ರಯಲ್‌ಗಳಿಂದ ಬಂದಿತ್ತು. ಇಲ್ಲಿ ನೋಡಿದ್ದು ಭಾರತೀಯರಲ್ಲಿ ಸುರಕ್ಷಿತವಾ, ಪ್ರತಿಕಾಯ ಅದೇ ಮಟ್ಟದಲ್ಲಿ ಬರುತ್ತದಾ ಎಂದು. ಹಂತದ ಸಂಖ್ಯೆ ಮಾತ್ರ ಓದಿದವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಸಮಸ್ಯೆ

2021ರ ಜನವರಿ 3ರಂದು ಎರಡು ಲಸಿಕೆಗಳಿಗೆ ತುರ್ತು ಬಳಕೆಯ ಅನುಮತಿ ಸಿಕ್ಕಿತು. 16ರಿಂದ ಆರೋಗ್ಯ ಸಿಬ್ಬಂದಿಗೆ ಕೊಡಲು ಶುರುವಾಯಿತು. ಆಗ ಟೀಚರ್ ಸುಮ್ಮನಿದ್ದರು, ಅವರ ಸರದಿ ಇನ್ನೂ ಬಂದಿರಲಿಲ್ಲ. ಮಾರ್ಚ್ 1ಕ್ಕೆ ಬಂತು. ಮಗ ಕೋವಿನ್‌ನಲ್ಲಿ ಹೆಸರು ನೋಂದಾಯಿಸಿ, ಹತ್ತಿರದ ಖಾಸಗಿ ಆಸ್ಪತ್ರೆಯಲ್ಲಿ ದಿನ ಗೊತ್ತು ಮಾಡಿಬಿಟ್ಟ. ಡೋಸ್‌ಗೆ 250 ರೂಪಾಯಿ. "ಅಮ್ಮಾ, ನಿಂಗೆ ನೀರು ಚುಚ್ಚಿದ್ದಾರೋ ಏನೋ. ಸುಮ್ನೆ ಹೋಗಿ ಹಾಕಿಸ್ಕೋ" ಎಂದ.

ಟೀಚರ್ ಹೋಗಲಿಲ್ಲ. ತಮಗೆ ಸಿಕ್ಕಿದ್ದು ಲಸಿಕೆಯೇ ಎಂಬ ಖಾತ್ರಿ ಅವರಿಗೆ. ಸಾಕ್ಷಿ, ಆ ಕೆಂಪು ಗೆರೆಯ ಜ್ವರ. ಅದೂ ಸಾಲದೆ ಒಂದು ಲ್ಯಾಬಿಗೆ ಹೋಗಿ ಕೈಯಿಂದ ದುಡ್ಡು ಕೊಟ್ಟು ಆ್ಯಂಟಿಬಾಡಿ ಟೆಸ್ಟ್ ಮಾಡಿಸಿದರು. ಪಾಸಿಟಿವ್ ಬಂತು. ಆ ವಾರವೇ ನೆಂಟರ ಮದುವೆಗೆ ಹೋಗಿ, ಎರಡು ದಿನ ಇದ್ದು ಬಂದರು. ಮಾಸ್ಕ್ ಹಾಕಿರಲಿಲ್ಲವಂತೆ.

ಫಾಲೋ-ಅಪ್ ಭೇಟಿಗೆ ಬಂದಾಗ ಇದೆಲ್ಲ ಗೊತ್ತಾಯಿತು. ಲ್ಯಾಬ್ ರಿಪೋರ್ಟ್ ಮೇಜಿನ ಮೇಲಿಟ್ಟು, "ನೋಡಿ, ನಂದು ಲಸಿಕೆ ಗುಂಪು. ಮಗನಿಗೆ ನೀವೇ ಹೇಳಿ" ಎಂದರು. ಅಲ್ಲೇ ಮಗನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಮಗ ಸಿಟ್ಟಿನಲ್ಲಿದ್ದ. "ಮೇಡಂ, ಸರ್ಕಾರ ಕೊಡ್ತಿರೋ ಲಸಿಕೆ ನಮ್ಮಮ್ಮನಿಗೆ ಸಿಗದ ಹಾಗೆ ಮಾಡಿದ್ದೀರಲ್ಲ. ಹೊರಗೂ ಸಹಿ ತಗೊಂಡೇ ಕೊಡ್ತಾರಂತೆ. ಅದೂ ಟ್ರಯಲ್ಲೇ ಅಲ್ವಾ? ಹಾಗಿದ್ರೆ ನಿಮ್ಮ ಟ್ರಯಲ್‌ನಲ್ಲೇ ಯಾಕಿರಬೇಕು?"

ಅವನ ಗೊಂದಲಕ್ಕೆ ಕಾರಣ ಇತ್ತು. ಕೋವ್ಯಾಕ್ಸಿನ್‌ಗೆ ಮೊದಲು ಸಿಕ್ಕಿದ್ದು "ಕ್ಲಿನಿಕಲ್ ಟ್ರಯಲ್ ಮೋಡ್" ಎಂಬ ಷರತ್ತಿನ ಅನುಮತಿ. ಹಾಕಿಸಿಕೊಳ್ಳುವವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಮಾರ್ಚ್ ತಿಂಗಳಲ್ಲಿ ಆ ಷರತ್ತು ತೆಗೆದರು. ಆದರೆ ಅಲ್ಲಿ ಪ್ಲಸೀಬೊ ಗುಂಪು ಇರಲಿಲ್ಲ, ಎಲ್ಲರಿಗೂ ಲಸಿಕೆಯೇ. ಹೆಸರಿನಲ್ಲಿ ಟ್ರಯಲ್ ಇದ್ದರೂ ಅದು ಮೂರನೇ ಹಂತದ ಪ್ರಶ್ನೆಗೆ ಉತ್ತರ ಕೊಡುವ ವ್ಯವಸ್ಥೆಯಲ್ಲ. ಇಷ್ಟನ್ನು ಫೋನಿನಲ್ಲಿ ವಿವರಿಸುವಷ್ಟರಲ್ಲಿ ಮಗ ಸ್ವಲ್ಪ ತಣ್ಣಗಾದ. ಅಮ್ಮನ ಬಗೆಗಿನ ಭಯ ಹಾಗೇ ಇತ್ತು. ಇರಬೇಕಾದ್ದೇ.

ಜ್ವರದ ಬಗ್ಗೆ ಟೀಚರ್‌ಗೆ ಹೇಳಿದ್ದು ಇದು: ಪ್ಲಸೀಬೊ ಪಡೆದವರಿಗೂ ಜ್ವರ, ಮೈಕೈ ನೋವು ಬರುತ್ತದೆ. (ಆ ವರ್ಷದ ನವೆಂಬರ್‌ನಲ್ಲಿ ಪ್ರಕಟವಾದ ಕೋವ್ಯಾಕ್ಸಿನ್ ವರದಿಯಲ್ಲಿ ಇದು ಕಣ್ಣಿಗೆ ಹೊಡೆಯುವಂತಿದೆ. ಏನಾದರೂ ಒಂದು ತೊಂದರೆ ಹೇಳಿಕೊಂಡವರು ಎರಡೂ ಗುಂಪಿನಲ್ಲಿ ಶೇ. 12.4.) ಇನ್ನು ಆ್ಯಂಟಿಬಾಡಿ. ಗೊತ್ತೇ ಆಗದ ಹಾಗೆ ಕೋವಿಡ್ ಬಂದು ಹೋಗಿದ್ದರೂ ಟೆಸ್ಟ್ ಪಾಸಿಟಿವ್ ಬರುತ್ತದೆ. 2020ರ ಸೆಪ್ಟೆಂಬರ್‌ನ ರಾಜ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಶೇ. 27.3ರಷ್ಟು ಜನರಿಗೆ ಅಷ್ಟರಲ್ಲೇ ಸೋಂಕು ತಗುಲಿತ್ತು. ಅಂದರೆ ಆ ರಿಪೋರ್ಟು ಲಸಿಕೆಯ ಸಾಕ್ಷಿಯೇನೂ ಅಲ್ಲ.

ಟೀಚರ್ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಹಾಗಾದ್ರೆ ಮೂರನೇ ಹಂತಕ್ಕೆ ಬಂದಿದೆ ಅಂದಾಗ ಲಸಿಕೆ ಕೆಲಸ ಮಾಡುತ್ತೆ ಅಂತ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ ಎಂದು ನಮ್ಮ ಪಿ.ಐ. (ಟ್ರಯಲ್‌ನ ಮುಖ್ಯ ಸಂಶೋಧಕ) ಡಾಕ್ಟರ್ ಹೇಳಿದರು. ಅದನ್ನು ಕಂಡುಹಿಡಿಯುವುದಕ್ಕೇ ನೀವು ಸೇರಿದ್ದು ಎಂದರು. ಈ ಪ್ರಕರಣದ ದಿಕ್ಕು ಬದಲಿಸಿದ್ದು ಆ ಒಂದು ಪ್ರಶ್ನೆ. ಅಲ್ಲಿಯವರೆಗೆ ನಡೆದದ್ದು ಲಸಿಕೆ ಸಿಕ್ಕಿದೆಯೋ ಇಲ್ಲವೋ ಎಂಬ ಚರ್ಚೆ. ಅಲ್ಲಿಂದ ಮುಂದೆ, ಪೂರ್ತಿ ತಿಳಿದುಕೊಂಡು ಅವರು ಏನು ಬಯಸುತ್ತಾರೆ ಎಂಬ ಚರ್ಚೆ.

ಮುಂದಿದ್ದ ದಾರಿಗಳು

ಮೊದಲನೆಯದು, ಟ್ರಯಲ್ ಮುಗಿಯುವವರೆಗೆ ಹಾಗೇ ಇರಿ ಎನ್ನುವುದು. ಟ್ರಯಲ್‌ನ ದೃಷ್ಟಿಯಿಂದ ಇದೇ ಒಳ್ಳೆಯದು. ಆದರೆ 60 ದಾಟಿದ, ಸಕ್ಕರೆ ಕಾಯಿಲೆ ಇರುವವರನ್ನು, ಊರಿನಲ್ಲೇ ಲಸಿಕೆ ಸಿಗುವಾಗ, ಪ್ಲಸೀಬೊ ಮೇಲೆ ಕೂರಿಸಿಡುವುದು ಸರಿಯಲ್ಲ. ನನಗೆ ಇದರಲ್ಲಿ ಎರಡು ಮಾತಿಲ್ಲ.

ಎರಡನೆಯದು, ಯಾರಿಗೂ ಹೇಳದೆ ಹೊರಗೆ ಹೋಗಿ ಹಾಕಿಸಿಕೊಳ್ಳುವುದು. ಮಗ ಹೇಳಿದ್ದು ಇದನ್ನೇ, ಬೇರೆ ಊರುಗಳಲ್ಲಿ ಹೀಗೆ ಮಾಡಿದವರೂ ಇದ್ದರು. ಇದರಲ್ಲಿ ಎಲ್ಲರಿಗೂ ನಷ್ಟ. ಅವರಿಗೆ ಮೊದಲೇ ಲಸಿಕೆ ಸಿಕ್ಕಿದ್ದರೆ ಈಗ ಮೂರನೇ, ನಾಲ್ಕನೇ ಡೋಸ್ ಆಗುತ್ತದೆ, ಅದೂ ಬೇರೆ ಲಸಿಕೆಯದ್ದು ಇರಬಹುದು. ಆಗ ಅದರ ಬಗ್ಗೆ ಯಾರ ಹತ್ತಿರವೂ ಸರಿಯಾದ ಮಾಹಿತಿ ಇರಲಿಲ್ಲ. ಇತ್ತ ಟ್ರಯಲ್‌ನಲ್ಲಿ ಅವರು ಪ್ಲಸೀಬೊ ಎಂದೇ ದಾಖಲಾಗಿದ್ದು, ನಿಜದಲ್ಲಿ ಲಸಿಕೆ ಪಡೆದಿದ್ದರೆ, ಲೆಕ್ಕ ಗುಟ್ಟಾಗಿ ಕೆಡುತ್ತದೆ.

ಮೂರನೆಯದು ನನಗೆ ತುಂಬಾ ಇಷ್ಟವಾದ ದಾರಿ. ಎಲ್ಲರನ್ನೂ ಮತ್ತೆ ಕರೆಸಿ, ಲಸಿಕೆ ಪಡೆದವರಿಗೆ ಪ್ಲಸೀಬೊ, ಪ್ಲಸೀಬೊ ಪಡೆದವರಿಗೆ ಲಸಿಕೆ ಕೊಡುವುದು, ಆದರೆ ಯಾರಿಗೆ ಯಾವಾಗ ಲಸಿಕೆ ಸಿಕ್ಕಿತು ಎಂಬುದನ್ನು ಆಗಲೂ ಹೇಳದಿರುವುದು. ಎಲ್ಲರಿಗೂ ರಕ್ಷಣೆ ಸಿಗುತ್ತದೆ. ಮೊದಲು ಪಡೆದವರನ್ನು ತಡವಾಗಿ ಪಡೆದವರ ಜೊತೆ ಹೋಲಿಸಿ, ರಕ್ಷಣೆ ಎಷ್ಟು ದಿನ ಉಳಿಯುತ್ತದೆ ಎಂದೂ ನೋಡಬಹುದು. ನೋವಾವ್ಯಾಕ್ಸ್ ಲಸಿಕೆಯ ಟ್ರಯಲ್‌ಗಳಲ್ಲಿ ಹೀಗೆ ಮಾಡಿದರು. ಆದರೆ ಇದನ್ನು ಒಂದು ಆಸ್ಪತ್ರೆ ತೀರ್ಮಾನಿಸಲಾಗದು. ಪ್ರೋಟೊಕಾಲ್, ಅಂದರೆ ಟ್ರಯಲ್ ಹೇಗೆ ನಡೆಯಬೇಕು ಎಂದು ಮೊದಲೇ ಬರೆದಿಟ್ಟ ಯೋಜನೆ, ಬದಲಾಗಬೇಕು, ಔಷಧ ನಿಯಂತ್ರಕರ ಒಪ್ಪಿಗೆ ಬೇಕು. ಎಲ್ಲ ಕೇಂದ್ರಗಳಲ್ಲೂ ಒಟ್ಟಿಗೆ ನಡೆಯಬೇಕು. ಅದಕ್ಕೆ ಆ ಹೊತ್ತಿನಲ್ಲಿ ಸಮಯ ಇರಲಿಲ್ಲ.

ಉಳಿದದ್ದು, ಲಸಿಕೆಗೆ ಅರ್ಹರಾದವರಿಗೆ ಒಬ್ಬೊಬ್ಬರಿಗೇ ಕೋಡ್ ಬಿಡಿಸಿ ಹೇಳುವುದು. ಅಂದರೆ ಅನ್‌ಬ್ಲೈಂಡ್ ಮಾಡುವುದು. ಪ್ರೋಟೊಕಾಲ್‌ನಲ್ಲಿ ಇದಕ್ಕೆ ಇದ್ದ ಅವಕಾಶ ತುರ್ತು ಚಿಕಿತ್ಸೆಗೆ ಮಾತ್ರ. ಲಸಿಕೆಯ ಸರದಿ ಬಂದಿದೆ ಎಂಬುದು ಆ ಪಟ್ಟಿಯಲ್ಲಿ ಇರಲಿಲ್ಲ. ಪಿ.ಐ. ಡಾಕ್ಟರ್ ಎಥಿಕ್ಸ್ ಕಮಿಟಿಗೂ (ಸ್ವಯಂಸೇವಕರ ಹಿತ ಕಾಯುವ ಸಮಿತಿ) ಸ್ಪಾನ್ಸರ್‌ಗೂ (ಟ್ರಯಲ್ ನಡೆಸುವ ಸಂಸ್ಥೆ) ಪತ್ರ ಬರೆದರು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಸ್ವಯಂಸೇವಕರು ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಹೊರಬರಬಹುದು. ಹೊರಬಂದು ಏನು ಹಾಕಿಸಿಕೊಳ್ಳಬೇಕು ಎಂದು ತೀರ್ಮಾನಿಸಲು ಒಳಗೆ ಏನು ಸಿಕ್ಕಿತು ಎಂಬುದು ಗೊತ್ತಿರಬೇಕಲ್ಲ. ಪತ್ರದ ವಾದ ಇಷ್ಟೇ. ಕಮಿಟಿಯಲ್ಲಿದ್ದ, ವೈದ್ಯರಲ್ಲದ ಒಬ್ಬ ಸದಸ್ಯರು ಇದಕ್ಕೆ ಗಟ್ಟಿಯಾಗಿ ನಿಂತರು. ಸ್ಪಾನ್ಸರ್ ಕಡೆಯಿಂದಲೂ ಒಪ್ಪಿಗೆ ಬಂತು.

ಏನಾಯಿತು

ಟೀಚರ್‌ಗೆ ಮತ್ತೆ ಫೋನ್ ಮಾಡಿದೆವು. ಕೋಡ್ ಬಿಡಿಸುವ ಮೊದಲು ಮೂರು ವಿಷಯ ಹೇಳಿದೆವು. ತಿಳಿದುಕೊಳ್ಳಲೇಬೇಕು ಎಂಬ ಒತ್ತಾಯ ಇಲ್ಲ. ತಿಳಿದ ದಿನದಿಂದ ಮುಖ್ಯ ಲೆಕ್ಕದಲ್ಲಿ ಅವರು ಇರುವುದಿಲ್ಲ, ಆದರೆ ಅಲ್ಲಿಯವರೆಗಿನ ಅವರ ಮಾಹಿತಿ ಪೂರ್ತಿ ಎಣಿಕೆಗೆ ಬರುತ್ತದೆ. ಸುರಕ್ಷತೆಯ ಫಾಲೋ-ಅಪ್‌ಗೆ ಮಾತ್ರ ಬರುತ್ತಿದ್ದರೆ ಒಳ್ಳೆಯದು.

ಎರಡು ದಿನ ಯೋಚಿಸಿ ಬಂದರು. ಮಗನೂ ಬೆಂಗಳೂರಿನಿಂದ ಬಂದಿದ್ದ. ಕೋಡ್ ಬಿಡಿಸಿದೆವು. ಪ್ಲಸೀಬೊ.

ಮಗ ಅಮ್ಮನ ಮುಖ ನೋಡಿದ. ಟೀಚರ್ ಮೊದಲು ಕೇಳಿದ್ದು, "ಹಾಗಾದ್ರೆ ನಾನು ಬಂದಿದ್ದು ದಂಡವಾಯ್ತಾ?" ಎಂದು. ಪ್ಲಸೀಬೊ ಗುಂಪಿನಲ್ಲಿದ್ದವರು ಹೆಚ್ಚಿನವರು ಇದನ್ನೇ ಕೇಳುತ್ತಾರೆ. ಡಾಕ್ಟರ್ ಒಂದು ಹಾಳೆಯ ಮೇಲೆ ಎರಡು ಚೌಕ ಬರೆದು, ಎರಡರಲ್ಲೂ ಕಾಯಿಲೆ ಬಂದವರನ್ನು ಹೇಗೆ ಎಣಿಸುತ್ತಾರೆ, ಒಂದು ಚೌಕ ಅಳಿಸಿದರೆ ಇನ್ನೊಂದು ಹೇಗೆ ಬೆಲೆ ಕಳೆದುಕೊಳ್ಳುತ್ತದೆ ಎಂದು ತೋರಿಸಿದರು. ಟೀಚರ್ ಆ ಹಾಳೆಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡರು.

ಮಾರ್ಚ್‌ನಲ್ಲೇ ಅವರಿಗೆ ಲಸಿಕೆಯ ಮೊದಲ ಡೋಸ್ ಆಯಿತು, ಏಪ್ರಿಲ್‌ನಲ್ಲಿ ಎರಡನೆಯದು. ಅಷ್ಟರಲ್ಲಿ ಎರಡನೇ ಅಲೆ ಏರಿತ್ತು. ಏಪ್ರಿಲ್ 27ರಿಂದ ರಾಜ್ಯದಲ್ಲಿ ಕರ್ಫ್ಯೂ ಬಂತು. ಮೇ ತಿಂಗಳಲ್ಲಿ ಅವರಿದ್ದ ಮನೆಯಲ್ಲಿ ಕೋವಿಡ್ ಬಂತು. ಟೀಚರ್‌ಗೂ ಬಂತು. ಎರಡು ದಿನ ಜ್ವರ, ವಾರದಷ್ಟು ಸುಸ್ತು, ಆಸ್ಪತ್ರೆಗೆ ಸೇರಬೇಕಾಗಲಿಲ್ಲ. ಲಸಿಕೆ ಉಳಿಸಿತು ಎಂದು ಮಗ ಈಗಲೂ ಹೇಳುತ್ತಾನೆ. ಇರಬಹುದು. ಹಳೆಯ ಸೋಂಕಿನಿಂದ ಬಂದ ಶಕ್ತಿಯೂ ಇರಬಹುದು. ಒಬ್ಬರ ಅನುಭವದಿಂದ ಇದನ್ನು ಬಿಡಿಸಲು ಆಗುವುದಿಲ್ಲ. ಅದಕ್ಕೇ ಅಲ್ವಾ ಇಷ್ಟು ಸಾವಿರ ಜನ ಬೇಕಾಗುವುದು.

ಟೀಚರ್ ಆದಮೇಲೆ ನಮ್ಮ ಕೇಂದ್ರದಲ್ಲಿ ಅರ್ಹರಾದ ಹಲವರು ಕೋಡ್ ಬಿಡಿಸಿಕೊಂಡರು. ಕೆಲವರು ಬೇಡ ಎಂದು ಹಾಗೇ ಉಳಿದರು.

ಇದರಿಂದ ತಿಳಿದದ್ದು

ಒಪ್ಪಿಗೆ ಪತ್ರದಲ್ಲಿ ಪ್ಲಸೀಬೊ ಬಗ್ಗೆ ಇತ್ತು, ಟೀಚರ್ ಓದಿಯೇ ಸಹಿ ಹಾಕಿದ್ದರು. ಆದರೂ "ಮೂರನೇ ಹಂತ" ಎಂಬ ಪದ ಅವರೊಳಗೆ ಬೇರೆ ಅರ್ಥ ಕಟ್ಟಿಕೊಂಡಿತ್ತು. ಈಗ ನಮ್ಮ ತಂಡ ಹಂತದ ಸಂಖ್ಯೆಯಿಂದ ಮಾತು ಶುರು ಮಾಡುವುದಿಲ್ಲ. "ಈ ಟ್ರಯಲ್ ಏನು ಕೇಳುತ್ತಿದೆ, ಏನು ಇನ್ನೂ ಗೊತ್ತಿಲ್ಲ" ಎಂಬುದು ಮೊದಲು. ಕೇಳಿಸಿಕೊಂಡವರು ತಮ್ಮ ಮಾತಿನಲ್ಲಿ ಅದನ್ನು ತಿರುಗಿ ಹೇಳಿದ ಮೇಲೇ ಸಹಿ. ಇದಕ್ಕೆ ಸಮಯ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಟ್ರಯಲ್ ನಡೆಯುವಾಗಲೇ ಲಸಿಕೆ ಹೊರಗೆ ಸಿಗತೊಡಗಿದರೆ ಏನು ಮಾಡುತ್ತೇವೆ ಎಂಬುದನ್ನು ಮೊದಲೇ ಬರೆದಿಡಬೇಕು. ಸಾಂಕ್ರಾಮಿಕದ ಕಾಲದಲ್ಲಿ ಇದು ಅಪರೂಪದ ಸಂಗತಿಯಲ್ಲ. ಸ್ವಂತ ಖರ್ಚಿನಲ್ಲಿ ಆ್ಯಂಟಿಬಾಡಿ ಟೆಸ್ಟ್ ಮಾಡಿಸಬೇಡಿ ಎಂದೂ, ಯಾಕೆ ಬೇಡ ಎಂದೂ ಮೊದಲ ದಿನವೇ ಹೇಳಬೇಕು. ಟೀಚರ್ ಮದುವೆಗೆ ಮಾಸ್ಕ್ ಇಲ್ಲದೆ ಹೋಗಿದ್ದು ಆ ರಿಪೋರ್ಟನ್ನು ನಂಬಿ. ನಿಜವಾದ ಅಪಾಯ ಇದ್ದದ್ದು ಅಲ್ಲಿ.

ಇನ್ನೊಂದು ವಿಷಯ ಮಗ ಕೇಳಿದ್ದು: ಮೂರನೇ ಹಂತ ಮುಗಿದರೆ ಎಲ್ಲ ಗೊತ್ತಾದ ಹಾಗಾ? ಇಲ್ಲ. 10,000 ಜನರಿಗೆ ಲಸಿಕೆ ಕೊಟ್ಟು ಒಂದು ತೊಂದರೆ ಒಬ್ಬರಲ್ಲೂ ಕಾಣಲಿಲ್ಲ ಎಂದುಕೊಳ್ಳಿ. ಸುಮಾರು 3,300 ಜನರಲ್ಲಿ ಒಬ್ಬರಿಗೆ ಆಗುವಂಥ ತೊಂದರೆ ಇರಬಹುದು ಎಂಬುದನ್ನು ಆಗಲೂ ಪೂರ್ತಿ ತಳ್ಳಿಹಾಕಲು ಬರುವುದಿಲ್ಲ. ಅಮೆರಿಕದಲ್ಲಿ 1998ರ ಆಗಸ್ಟ್‌ನಲ್ಲಿ ಅನುಮತಿ ಪಡೆದ ರೋಟಾಶೀಲ್ಡ್ ಎಂಬ ಮಕ್ಕಳ ಲಸಿಕೆಯಲ್ಲಿ ಹೀಗೇ ಆಯಿತು. ಕರುಳು ಒಂದರೊಳಗೊಂದು ಸಿಕ್ಕಿಕೊಳ್ಳುವ ತೊಂದರೆ ಸುಮಾರು 10,000 ಮಕ್ಕಳಲ್ಲಿ ಒಂದಕ್ಕೆ ಆಗುತ್ತದೆ ಎಂಬುದು ಬಳಕೆಗೆ ಬಂದಮೇಲೆ ಗೊತ್ತಾಯಿತು. 1999ರ ಅಕ್ಟೋಬರ್‌ನಲ್ಲಿ ಲಸಿಕೆಯನ್ನು ಹಿಂದಕ್ಕೆ ಪಡೆದರು. ಆಮೇಲೆ ಬಂದ ಎರಡು ರೋಟಾವೈರಸ್ ಲಸಿಕೆಗಳ ಮೂರನೇ ಹಂತದಲ್ಲಿ ತಲಾ 60,000ಕ್ಕೂ ಹೆಚ್ಚು ಶಿಶುಗಳನ್ನು ಸೇರಿಸಿಕೊಂಡರು. ಬಳಕೆಗೆ ಬಂದ ಲಸಿಕೆಯ ಮೇಲೆ ಕಣ್ಣಿಡುವ ಈ ಕೆಲಸವೇ ನಾಲ್ಕನೇ ಹಂತ. ಅದು ಇಂಥ ದಿನ ಮುಗಿಯಿತು ಎಂದು ಹೇಳುವಂಥದ್ದಲ್ಲ.

ಕೋಡ್ ಬಿಡಿಸಿದ್ದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಆ ವರ್ಷದ ಕೊನೆಯ ಫಾಲೋ-ಅಪ್‌ನಲ್ಲಿ ಟೀಚರ್ ಕೇಳಿದರು, "ಈ ರಕ್ಷಣೆ ಎಷ್ಟು ತಿಂಗಳು ಇರುತ್ತೆ?" ಎಂದು. ಅದಕ್ಕೆ ಅಚ್ಚುಕಟ್ಟಾದ ಉತ್ತರ ಬರಬೇಕಿದ್ದದ್ದು ಪ್ಲಸೀಬೊ ಗುಂಪಿನ ಜೊತೆಗಿನ ಹೋಲಿಕೆಯಿಂದ. ಆ ಗುಂಪಿನವರು ಒಬ್ಬೊಬ್ಬರಾಗಿ ಲಸಿಕೆ ಹಾಕಿಸಿಕೊಂಡಿದ್ದರು. 2022ರ ಜನವರಿ 10ರಿಂದ ಆರೋಗ್ಯ ಸಿಬ್ಬಂದಿಗೆ, ಬೇರೆ ಕಾಯಿಲೆಗಳಿರುವ 60 ದಾಟಿದವರಿಗೆ ಎರಡನೇ ಡೋಸ್ ಆಗಿ ಒಂಬತ್ತು ತಿಂಗಳ ಮೇಲೆ ಮುನ್ನೆಚ್ಚರಿಕೆ ಡೋಸ್ ಕೊಡಲು ಶುರು ಮಾಡಿದಾಗ, ಅದಕ್ಕೆ ಆಧಾರವಾಗಿದ್ದು ಬಹುಪಾಲು ಪ್ರತಿಕಾಯದ ಅಳತೆಗಳು ಮತ್ತು ಬಳಕೆಯಲ್ಲಿ ಕಂಡ ಅಂಕಿಅಂಶಗಳು. ಟೀಚರ್ ಆ ಡೋಸನ್ನು ತಮ್ಮ ಸರದಿ ಬಂದಾಗ ಹತ್ತಿರದ ಸರ್ಕಾರಿ ಕೇಂದ್ರದಲ್ಲಿ ಹಾಕಿಸಿಕೊಂಡರು.